ತಂತಿ ಬಿಗಿಸುವ ಶನಿವಾರಗಳು

(ಕೊಪ್ಪಳದಲ್ಲಿ ಶಿಕ್ಷಕರ ಸಂಜೆಯ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸಹೋದ್ಯೋಗಿ ಮಿತ್ರರೇ,

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ನನ್ನ ಅನುಭವವನ್ನು ನಿಮ್ಮ ಮುಂದಿಡಬೇಕೆಂದು ಕೂಟದ ಗೆಳತಿಯರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಕಳೆದ ನಾಲ್ಕು ವರ್ಷಗಳಲ್ಲಿ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಎಷ್ಟೋ ಮಂದಿ ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಈ ವಿಷಯ ವಿಚಾರಿಸಿದ್ದಾರೆ. ಹಾಗೆ ಕೇಳಿದವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು. ಅವರ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ: ನೋವು ಎಷ್ಟಿರುತ್ತದೆ, ದುಡ್ಡು ಎಷ್ಟಾಗುತ್ತದೆ. ಎಷ್ಟು ಸಲ ಹೋಗಿ ಬರಬೇಕಾಗುತ್ತದೆ ಎಂದು ಕೇಳಿದವರು ಒಬ್ಬರೂ ಇಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಕ್ಲಿಪ್ ಹಾಕಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಎರಡು, ಎರಡೂವರೆ ವರ್ಷ ತಪ್ಪದೆ ಹೋಗಿ ಬರುವುದೇ ಚಿಕಿತ್ಸೆ. ಇದನ್ನು ಯಾರೂ ಮುಂಚಿತವಾಗಿ ಹೇಳದ ಕಾರಣ ನಮ್ಮ ಭಾಗದಲ್ಲಿ ಎಷ್ಟೋ ಜನ ಅರ್ಧಕ್ಕೆ ಬಿಟ್ಟಿದ್ದಾರೆ, ನಾನೂ ಒಮ್ಮೆ ಬಿಡುವ ಹಂತಕ್ಕೆ ಬಂದಿದ್ದೆ.

ನನಗೆ ಆಗ 38 ವರ್ಷ. ಮೇಲಿನ ನಡುವಿನ ಎರಡು ಹಲ್ಲುಗಳು ಒಳಗೆ ಬಾಗಿದ್ದವು, ಅವುಗಳ ಪಕ್ಕದ ಹಲ್ಲುಗಳು ಹೊರಗೆ ಚಾಚಿದ್ದವು. ಬಾಯಿ ಮುಚ್ಚಿದರೆ ಕೆಳಗಿನ ಮುಂಬಲ್ಲುಗಳು ಪೂರ್ತಿ ಮರೆಯಾಗಿ, ಮೇಲಿನ ಹಲ್ಲುಗಳ ಹಿಂದಿನ ಅಂಗುಳಕ್ಕೆ ಚುಚ್ಚುತ್ತಿದ್ದವು. ಚಿಕ್ಕಂದಿನಿಂದ ಹಾಗೇ ಇದ್ದುದರಿಂದ ಎಲ್ಲರ ಬಾಯಿಯೂ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆ. ಅಂಗುಳದಲ್ಲಿ ಹುಣ್ಣು ಮಾಯುವುದು, ಮತ್ತೆ ಏಳುವುದು ನಡೆದೇ ಇತ್ತು. ಒಸಡಿನಿಂದ ರಕ್ತ ಬರತೊಡಗಿದ ಮೇಲೆ ತೋರಿಸಿಕೊಂಡ ದಂತವೈದ್ಯರು, ಇದು ಕಾಣಿಸುವ ಚಂದದ ಮಾತಲ್ಲ, ಹೀಗೆಯೇ ಬಿಟ್ಟರೆ ಮುಂಬಲ್ಲುಗಳ ಒಸಡು ಕೆಳಗಿಳಿಯುತ್ತಾ ಹೋಗುತ್ತದೆ ಎಂದರು. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ವೈದ್ಯ 1899ರಲ್ಲಿ ಹಲ್ಲುಗಳ ಹೊಂದಾಣಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ. ಇಂದಿಗೂ ವೈದ್ಯರು ಅದನ್ನೇ ಬಳಸುತ್ತಾರೆ. ನನ್ನ ಕಡತದ ಮೇಲೆ ಎರಡನೆಯ ವರ್ಗ, ಎರಡನೆಯ ವಿಭಾಗ ಎಂದು ಬರೆದಿತ್ತು. ಮೂವತ್ತೆಂಟು ವರ್ಷ ಹೊತ್ತು ತಿರುಗಿದ್ದಕ್ಕೆ ಒಂದು ಹೆಸರಿದೆ ಎಂದು ತಿಳಿದಾಗ ಮನಸ್ಸಿಗೆ ಎಷ್ಟೋ ಹಗುರವಾಯಿತು.

ಚಂದದ ಆಸೆ ನನಗೆ ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಗು ಬಂದಾಗಲೆಲ್ಲ ಸೆರಗನ್ನು ಬಾಯಿಗೆ ಹಿಡಿಯುವುದು ನನ್ನ ರೂಢಿ. ನನ್ನ ಮದುವೆಯ ಫೋಟೋಗಳಲ್ಲಿ ನಾನು ನಕ್ಕ ಒಂದು ಫೋಟೋವೂ ಇಲ್ಲ. ಮನೆಯಲ್ಲಿ ವಿಷಯ ಎತ್ತಿದಾಗ ಅತ್ತೆಯವರು, "ಈಗ್ಯಾಕವ್ವಾ ಇದೆಲ್ಲಾ, ಮಗಳು ದೊಡ್ಡಾಕಿ ಆಗ್ಯಾಳ, ಅಕಿಗೆ ಹಾಕ್ಸು" ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಹೆಂಗಸು ತನ್ನ ದೇಹಕ್ಕಾಗಿ ಸಮಯ ಮತ್ತು ದುಡ್ಡು ಎರಡನ್ನೂ ಇಡುವುದು ನಮ್ಮ ಮನೆಗಳಲ್ಲಿ ಹೆರಿಗೆ ಮತ್ತು ಶಸ್ತ್ರಚಿಕಿತ್ಸೆ ಬಿಟ್ಟರೆ ಕಡಿಮೆ. ಅಂಗುಳದ ಹುಣ್ಣನ್ನು ತೋರಿಸಿದ ಮೇಲೆ ಅವರೇ ನನ್ನ ಪರವಾಗಿ ನಿಂತರು. ನಾನು ಚಿಕಿತ್ಸೆಗೆ ಹೋದ ಶನಿವಾರಗಳಲ್ಲಿ ಅಡುಗೆಯನ್ನು ಪೂರ್ತಿ ವಹಿಸಿಕೊಂಡವರೂ ಅವರೇ.

ಚಿಕಿತ್ಸೆಗೆ ಯಾಕೆ ಅಷ್ಟು ಕಾಲ ಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ಗೊತ್ತಿದ್ದವರು ಅರ್ಧಕ್ಕೆ ಬಿಡುವುದಿಲ್ಲ ಎಂದು ನಾನು ನಂಬಿದ್ದೇನೆ. ವಿಜ್ಞಾನದ ಶಿಕ್ಷಕಿಯಾಗಿ ಮೂಳೆ ಜೀವಂತ ಅಂಗಾಂಶ ಎಂದು ಹದಿನೈದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಆದರೆ ಆ ವಾಕ್ಯದ ಅರ್ಥ ನನ್ನ ದವಡೆಯಲ್ಲೇ ಆದದ್ದು ಆಮೇಲೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ದವಡೆಯಲ್ಲಿ ನಿಂತಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ, ಅದರೊಳಗೆ ರಕ್ತನಾಳಗಳೂ ಜೀವಕೋಶಗಳೂ ಇವೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಕಡೆಯ ನಾರು ಅಮುಕುತ್ತದೆ. ಅಲ್ಲಿ ಮೂಳೆಯನ್ನು ಕರಗಿಸುವ ಕೋಶಗಳು ಕೆಲಸಕ್ಕೆ ತೊಡಗುತ್ತವೆ. ಎದುರು ಬದಿಯ ನಾರು ಎಳೆತಕ್ಕೊಳಗಾಗುತ್ತದೆ. ಅಲ್ಲಿ ಹೊಸ ಮೂಳೆಯನ್ನು ಕಟ್ಟುವ ಕೋಶಗಳು ಬಂದು ಸೇರುತ್ತವೆ. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ: ಹೊಳೆ ಒಂದು ದಂಡೆಯನ್ನು ಕೊರೆಯುತ್ತಾ ಇನ್ನೊಂದು ದಂಡೆಗೆ ಮಳಲು ಹಾಕುತ್ತಾ ತಾನು ಸರಿಯುತ್ತದಲ್ಲ, ಹಲ್ಲು ದವಡೆಯಲ್ಲಿ ಸರಿಯುವುದೂ ಹಾಗೆಯೇ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿದರೆ ಅದು ಒಳ್ಳೆಯ ನಡಿಗೆ.

ಈ ಒಳಗಿನ ಕೆಲಸವನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಿ ವಿವರಿಸಿದವರಲ್ಲಿ ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಒಬ್ಬರು. ನಾಯಿಗಳ ಹಲ್ಲುಗಳ ಮೇಲೆ ಅವರು ಮಾಡಿದ ಅಧ್ಯಯನ 1904ರ ಹೊತ್ತಿಗೆ ಪ್ರಕಟವಾಯಿತು. ಅವರು ಕಂಡ ಒಂದು ಸಂಗತಿ ನಮ್ಮಂಥ ಅವಸರದ ರೋಗಿಗಳಿಗೆ ಬಹಳ ಮುಖ್ಯ. ಬಲ ಹೆಚ್ಚಾದರೆ ನಾರಿನ ಪದರದ ರಕ್ತನಾಳಗಳು ಹಿಚುಕಿಹೋಗಿ ಆ ಜಾಗದ ಕೋಶಗಳು ಸಾಯುತ್ತವೆ, ಸತ್ತ ಭಾಗವನ್ನು ದೇಹ ತೆಗೆದುಹಾಕುವ ತನಕ ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಎಂದರೆ ಜೋರಾಗಿ ಬಿಗಿಸಿದರೆ ಹಲ್ಲು ಬೇಗ ಸರಿಯುವುದಿಲ್ಲ, ತಡವಾಗುತ್ತದೆ. ಹದವಾದ ಸಣ್ಣ ಬಲ, ಆಮೇಲೆ ನಾಲ್ಕರಿಂದ ಆರು ವಾರ ಮೂಳೆಗೆ ಕರಗಲು, ಕಟ್ಟಿಕೊಳ್ಳಲು, ಸುಧಾರಿಸಿಕೊಳ್ಳಲು ಬಿಡುವು. ತಿಂಗಳಿಗೊಮ್ಮೆ ಕರೆಯುವುದಕ್ಕೆ ಇದೇ ಕಾರಣ. "ಒಮ್ಮೆಲೇ ಜಗ್ಗಿ ಬಿಗಿ ಮಾಡ್ರಿ ಡಾಕ್ಟ್ರೇ, ಮೂರು ತಿಂಗಳಿಗೆ ಬರ್ತೀನಿ" ಎಂದು ದೂರದ ಹಳ್ಳಿಯ ರೋಗಿಗಳು ಕೇಳಿಕೊಳ್ಳುವುದನ್ನು ನಾನು ಕಾಯುವ ಬೆಂಚಿನ ಮೇಲೆ ಕೂತು ಹಲವು ಸಲ ಕೇಳಿದ್ದೇನೆ. ಅವರ ಕಷ್ಟ ನಿಜ; ಆದರೆ ವೈದ್ಯರು ಒಪ್ಪಿದರೂ ಮೂಳೆ ಒಪ್ಪುವುದಿಲ್ಲ.

ನನ್ನ ಚಿಕಿತ್ಸೆ ಮೊದಲು ಶುರುವಾದದ್ದು ಇಲ್ಲಿಗೆ ಹತ್ತಿರದ ಪಟ್ಟಣವೊಂದರ ಖಾಸಗಿ ಚಿಕಿತ್ಸಾಲಯದಲ್ಲಿ. ಅಲ್ಲಿ ಕ್ಲಿಪ್ಪಿನ ತಜ್ಞರು ತಿಂಗಳಿಗೆ ಒಂದು ದಿನ ಬೇರೆ ಊರಿನಿಂದ ಬರುತ್ತಿದ್ದರು. ಸಣ್ಣ ಊರುಗಳಲ್ಲಿ ಇದು ಸಾಮಾನ್ಯ ವ್ಯವಸ್ಥೆ, ಅದರಲ್ಲಿ ತಪ್ಪೇನೂ ಇಲ್ಲ. ಐದನೆಯ ತಿಂಗಳು ತಜ್ಞರು ಬರಲಿಲ್ಲ. ಆರನೆಯ ತಿಂಗಳೂ ಬರಲಿಲ್ಲ. ಬರುತ್ತಾರೆ ಎಂದರು, ಆಮೇಲೆ ಬೇರೆಯವರನ್ನು ಕರೆಸುತ್ತೇವೆ ಎಂದರು. ತಂತಿಯ ತುದಿ ಸರಿದು ಹಿಂದಿನ ಕೆನ್ನೆಗೆ ಚುಚ್ಚುತ್ತಿತ್ತು. ಮುಂಗಡವಾಗಿ ಕಟ್ಟಿದ ದುಡ್ಡು, ಬಾಯಿಯ ಅಚ್ಚು, ಎಕ್ಸ್-ರೇ ಎಲ್ಲ ಅವರ ಹತ್ತಿರವೇ ಉಳಿದವು, ಕೇಳಿದಾಗಲೆಲ್ಲ ನಾಳೆ ಎಂದರು. ಹನ್ನೊಂದು ವಾರ ನನ್ನ ಬಾಯಿಯಲ್ಲಿ ತಂತಿ ಇತ್ತು, ಅದಕ್ಕೆ ಹೊಣೆಗಾರರು ಯಾರೂ ಇರಲಿಲ್ಲ. ಆ ದಿನಗಳ ಅಸಹಾಯಕತೆ ನೆನಪಾದರೆ ಇಂದಿಗೂ ಸಂಕಟವಾಗುತ್ತದೆ. ಅದಕ್ಕೇ ಯಾರು ಕೇಳಿದರೂ ನಾನು ಇಷ್ಟನ್ನು ಒತ್ತಿ ಹೇಳುತ್ತೇನೆ: ಶುರು ಮಾಡುವ ಮೊದಲೇ ಎಕ್ಸ್-ರೇಗಳ ಪ್ರತಿ, ಫೋಟೋಗಳು ಮತ್ತು ಚಿಕಿತ್ಸೆಯ ಯೋಜನೆ ಬರೆದ ಹಾಳೆ ಇವಿಷ್ಟನ್ನೂ ಕೇಳಿ ಇಟ್ಟುಕೊಳ್ಳಿ, ದುಡ್ಡನ್ನು ಒಮ್ಮೆಲೇ ಕಟ್ಟದೆ ಭೇಟಿಗೆ ಇಷ್ಟು ಎಂದು ಕಂತಿನಲ್ಲಿ ಕಟ್ಟಿ, ಕ್ಲಿಪ್ ಹಾಕುವವರು ಬಿ.ಡಿ.ಎಸ್. ಎಂಬ ದಂತವೈದ್ಯ ಪದವಿ ಆದ ಮೇಲೆ ಮೂರು ವರ್ಷ ಇದೇ ವಿಷಯದಲ್ಲಿ ಎಂ.ಡಿ.ಎಸ್. ಎಂಬ ಸ್ನಾತಕೋತ್ತರ ಪದವಿ ಓದಿದವರೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ತಜ್ಞರು ಬಾರದಿದ್ದರೆ ಯಾರು ನೋಡುತ್ತಾರೆ ಎನ್ನುವುದನ್ನೂ ಕೇಳಿ.

ಕೊನೆಗೆ ಬಳ್ಳಾರಿಗೆ ಹೋದೆ. ಇಲ್ಲಿಂದ ಸುಮಾರು 90 ಕಿಲೋಮೀಟರ್. ಅಲ್ಲಿಯ ವೈದ್ಯೆ ಹಳೆಯ ತಂತಿಯನ್ನು ತೆಗೆದು, ಹೊಸದಾಗಿ ಅಚ್ಚು ಮತ್ತು ಎಕ್ಸ್-ರೇ ತೆಗೆಸಿ, ಮೊದಲು ಆರು ವಾರ ಬರೀ ಒಸಡಿನ ಚಿಕಿತ್ಸೆ ಮಾಡಿಸಿದರು. ದೊಡ್ಡವರ ಮತ್ತು ಮಕ್ಕಳ ಕ್ಲಿಪ್ಪಿಗೆ ಇರುವ ದೊಡ್ಡ ವ್ಯತ್ಯಾಸ ಇದು. ಮಕ್ಕಳ ದವಡೆ ಇನ್ನೂ ಬೆಳೆಯುತ್ತಿರುತ್ತದೆ, ವೈದ್ಯರು ಆ ಬೆಳವಣಿಗೆಯನ್ನೇ ತಿರುಗಿಸಿಕೊಳ್ಳಬಹುದು. ನಮ್ಮದು ಬೆಳೆದು ನಿಂತ ದವಡೆ, ಹಲ್ಲನ್ನು ಮಾತ್ರ ಸರಿಸಬಹುದು. ಹಾಗಿದ್ದರೂ ವಯಸ್ಸೇ ಅಡ್ಡಿಯಲ್ಲ. ಸೋಂಕಿರುವ ಒಸಡಿನಲ್ಲಿ ಹಲ್ಲನ್ನು ಸರಿಸಿದರೆ ಆಧಾರದ ಮೂಳೆಯೇ ಕರಗಿ ಹಲ್ಲು ಅಲುಗಾಡಬಹುದು ಎನ್ನುವುದು ನಿಜವಾದ ಅಡ್ಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ತಂಬಾಕು ಬಿಡದವರಿಗೆ ಈ ಅಪಾಯ ಹೆಚ್ಚು. ಮೂಳೆ ಸವೆತಕ್ಕೆ ಗುಳಿಗೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಮೊದಲ ದಿನವೇ ಹೇಳಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಮೂಳೆ ಕರಗುವುದನ್ನು ತಡೆಯುತ್ತವೆ, ಮೂಳೆ ಕರಗದೆ ಹಲ್ಲು ಸರಿಯುವುದಿಲ್ಲ.

ಇನ್ನು ನಮ್ಮ ನೆಲದ್ದೇ ಆದ ಒಂದು ತೊಡಕಿದೆ. ನನ್ನ ತವರು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ನಾವು ಬೋರ್‌ವೆಲ್ ನೀರು ಕುಡಿದು ಬೆಳೆದವರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಾಗ 1.5ರ ತನಕ ನಡೆಯುತ್ತದೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ; ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಎಷ್ಟೋ ಹಳ್ಳಿಗಳ ಅಂತರ್ಜಲ ಈ ಮಿತಿಯನ್ನು ಮೀರಿದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ, ಅವು ಜೀವನಪರ್ಯಂತ ಉಳಿಯುತ್ತವೆ. ಇದು ಬಣ್ಣದ ವಿಷಯವೆಂದಷ್ಟೇ ನಾನು ತಿಳಿದಿದ್ದೆ. ಆದರೆ ಕ್ಲಿಪ್ ಹಾಕುವಾಗ ಇದೇ ದೊಡ್ಡ ಸಮಸ್ಯೆಯಾಯಿತು.

ಹಲ್ಲಿನ ಮೇಲೆ ಅಂಟಿಸುವ ಸಣ್ಣ ಲೋಹದ ತುಣುಕಿಗೆ ಬ್ರ್ಯಾಕೆಟ್ ಎನ್ನುತ್ತಾರೆ. ತಂತಿ ಅದರ ಸೀಳಿನಲ್ಲಿ ಕೂರುತ್ತದೆ. ಹಿಂದೆ ಪ್ರತಿ ಹಲ್ಲಿಗೂ ಸುತ್ತ ಲೋಹದ ಪಟ್ಟಿ ತೊಡಿಸಿ ಬ್ರ್ಯಾಕೆಟ್ಟನ್ನು ಅದಕ್ಕೆ ಬೆಸೆಯುತ್ತಿದ್ದರು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ಅಮೆರಿಕದ ದಂತವೈದ್ಯ, ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್ಲಿಗೆ ಆಮ್ಲ ಸವರಿ ಅದರ ಮೈಯನ್ನು ತರಿತರಿಯಾಗಿಸಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದ. ಆ ಮೇಲೆ ಬ್ರ್ಯಾಕೆಟ್ಟನ್ನು ನೇರವಾಗಿ ಹಲ್ಲಿಗೆ ಅಂಟಿಸುವ ಪದ್ಧತಿ ಬಂತು. ಫ್ಲೋರೈಡ್ ಹೆಚ್ಚಾದ ಎನಾಮಲ್ಲಿನ ಹೊರ ಪದರಕ್ಕೆ ಆಮ್ಲ ಸುಲಭವಾಗಿ ತಾಗುವುದಿಲ್ಲ, ಮೈ ತರಿಯಾಗುವುದಿಲ್ಲ, ಅಂಟು ಹಿಡಿಯುವುದಿಲ್ಲ. ಮೊದಲ ವರ್ಷದಲ್ಲಿ ನನ್ನ ಬ್ರ್ಯಾಕೆಟ್ಟುಗಳು ಹನ್ನೊಂದು ಸಲ ಉದುರಿದವು. ಮನೆಯವರೂ ನೆರೆಯವರೂ ಇದನ್ನು ನನ್ನ ಅಜಾಗರೂಕತೆ ಎಂದುಕೊಂಡರು, ಒಂದೆರಡು ತಿಂಗಳು ನಾನೂ ಹಾಗೇ ನಂಬಿ ಕೊರಗಿದೆ. ಬಳ್ಳಾರಿಯ ವೈದ್ಯೆ ಹಲ್ಲಿನ ಮೇಲ್ಮೈಯನ್ನು ಕೂದಲೆಳೆಯಷ್ಟು ತೀಡಿ, ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟು ಅಂಟಿಸಿದ ಮೇಲೆ ಉದುರುವುದು ಬಹಳ ಕಡಿಮೆಯಾಯಿತು. ಹಲ್ಲಿನ ಮೇಲೆ ಕಂದು ಗೆರೆ ಇರುವವರು ಈ ಮಾತನ್ನು ವೈದ್ಯರೊಡನೆ ಮೊದಲೇ ಎತ್ತಬೇಕು. ಊರ ನೀರು ಮಾಡಿದ್ದನ್ನು ನಮ್ಮ ತಪ್ಪೆಂದು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ.

ಊಟದ ಮಾತಿಗೆ ಬರುತ್ತೇನೆ, ಇದರ ಬಗ್ಗೆ ಎಲ್ಲರಿಗೂ ಕುತೂಹಲ. ನನ್ನ ಹಾಗೆ ಹಲ್ಲುಗಳು ಆಳವಾಗಿ ಕಚ್ಚಿಕೊಂಡಿರುವವರಿಗೆ ಮೇಲಿನ ಮುಂಬಲ್ಲುಗಳ ಹಿಂದೆ ಎರಡು ಸಣ್ಣ ದಿಬ್ಬಗಳನ್ನು ಅಂಟಿಸುತ್ತಾರೆ. ಕೆಳಗಿನ ಹಲ್ಲುಗಳು ಆ ದಿಬ್ಬದ ಮೇಲೆ ನಿಲ್ಲುವುದರಿಂದ ಬಾಯಿ ಪೂರ್ತಿ ಮುಚ್ಚುವುದಿಲ್ಲ, ದವಡೆ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಹೀಗೆ ನಾಲ್ಕು ತಿಂಗಳು. ಅಗಿಯುವುದು ಎನ್ನುವ ಕ್ರಿಯೆಯೇ ಇಲ್ಲದೆ ಜೋಳದ ರೊಟ್ಟಿಯ ಸೀಮೆಯಲ್ಲಿ ಬದುಕುವುದು ಹೇಗೆ? ಕಡಕ್ ರೊಟ್ಟಿಯನ್ನು ಮರೆತೇಬಿಟ್ಟೆ. ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಸಾರಿನಲ್ಲೋ ಚೂರು ಮಾಡಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು ಉಣ್ಣುತ್ತಿದ್ದೆ. ಜೋಳದ ನುಚ್ಚು ಮಜ್ಜಿಗೆ, ಮೆತ್ತಗೆ ಬೇಯಿಸಿದ ಪುಂಡಿಪಲ್ಲೆ, ಎಣಗಾಯಿಯ ಒಳಗಿನ ತಿರುಳು, ಉಪ್ಪಿಟ್ಟು ಇವೇ ನನ್ನ ಊಟವಾದವು. ಶೇಂಗಾ ಹಿಂಡಿಯ ತರಿ ಬ್ರ್ಯಾಕೆಟ್ಟಿನ ಸಂದಿಯಲ್ಲಿ ಕೂತರೆ ತೆಗೆಯುವುದು ಕಷ್ಟ, ಆದ್ದರಿಂದ ಅದನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿಕೊಂಡೆವು. ಸಂಜೆಯ ಒಗ್ಗರಣೆ-ಮಿರ್ಚಿಯಲ್ಲಿ ಮಂಡಾಳು ನೆನೆದು ಮೆತ್ತಗಾಗಿರುವುದರಿಂದ ತೊಂದರೆಯಿಲ್ಲ, ಆದರೆ ಅದರೊಳಗಿನ ಹುರಿದ ಶೇಂಗಾ ಮತ್ತು ಪುಟಾಣಿಯನ್ನು ಆರಿಸಿ ತೆಗೆಯಬೇಕು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಬ್ಬು, ಪೇರಲಕಾಯಿ, ಅಡಿಕೆ, ಬಾಯಲ್ಲಿ ಕಡಿಯುವ ಬರ್ಫದ ತುಂಡು ಇವನ್ನೆಲ್ಲ ಚಿಕಿತ್ಸೆ ಮುಗಿಯುವ ತನಕ ಬಿಟ್ಟೆ.

ಗವಿಮಠದ ಜಾತ್ರೆಯ ದಾಸೋಹದಲ್ಲಿ ಊರೂರುಗಳಿಂದ ಬಂದ ರೊಟ್ಟಿ ಮತ್ತು ಮಾದಲಿ ಬಡಿಸುತ್ತಾರೆ. ಆ ವರ್ಷ ಪಂಕ್ತಿಯಲ್ಲಿ ಕೂತು ರೊಟ್ಟಿ ಬೇಡವೆನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಬಡಿಸುತ್ತಿದ್ದ ವಯಸ್ಸಾದ ತಾಯಿಯೊಬ್ಬರು ನನ್ನ ಬಾಯಿಯ ತಂತಿ ನೋಡಿ, ಏನೂ ಕೇಳದೆ, ರೊಟ್ಟಿಯನ್ನು ತಮ್ಮ ಕೈಯಿಂದಲೇ ಸಣ್ಣಗೆ ಮುರಿದು ಸಾರು ಸುರಿದು ಕೊಟ್ಟು ಮುಂದೆ ಹೋದರು. ಮಾದಲಿ ಪುಡಿಪುಡಿಯಾಗಿರುವುದರಿಂದ ಹಾಲಿನೊಡನೆ ಸುಲಭವಾಗಿ ಇಳಿಯಿತು.

ಬಣ್ಣದ ಒಂದು ಸಣ್ಣ ವಿಷಯ. ತಂತಿಯನ್ನು ಬ್ರ್ಯಾಕೆಟ್ಟಿಗೆ ಹಿಡಿದಿಡುವ ಪುಟ್ಟ ರಬ್ಬರ್ ಉಂಗುರಗಳು ಅರಿಶಿನವನ್ನು ಹೀರುತ್ತವೆ. ಬಣ್ಣವಿಲ್ಲದ ಉಂಗುರ ಹಾಕಿಸಿಕೊಂಡು ಮನೆಗೆ ಬಂದು ಒಂದು ಹೊತ್ತು ಸಾರು ಉಂಡರೆ ಸಾಕು, ಹಳದಿಯಾಗುತ್ತವೆ. ಎರಡು ತಿಂಗಳ ಅನುಭವದ ಮೇಲೆ ಬೂದು ಬಣ್ಣದ್ದನ್ನೇ ಕೇಳತೊಡಗಿದೆ.

ನೋವಿನ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಬಿಗಿಸಿದ ಮರುದಿನ ಹೆಚ್ಚಿರುತ್ತದೆ, ಮೂರು-ನಾಲ್ಕು ದಿನದಲ್ಲಿ ಇಳಿಯುತ್ತದೆ. ಬೇಕಾದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಬೇರೆ ನೋವಿನ ಗುಳಿಗೆಯನ್ನು ಕೇಳದೆ ನುಂಗಬೇಡಿ ಎಂದು ವೈದ್ಯೆ ಹೇಳಿದ್ದರು. ಮೊದಲ ತಿಂಗಳುಗಳಲ್ಲಿ ಹಾಕುವ ತಂತಿ ನಿಕಲ್ ಮತ್ತು ಟೈಟಾನಿಯಂ ಬೆರೆಸಿದ್ದು. ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳುವ ಈ ಮಿಶ್ರಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡು, 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬಂತು. ಅದರ ಕೆಲವು ಬಗೆಗಳು ಬಾಯಿಯ ಶಾಖಕ್ಕೆ ಬಲ ಪಡೆಯುತ್ತವೆ, ತಣ್ಣೀರು ತಾಗಿದಾಗ ಸ್ವಲ್ಪ ಹೊತ್ತು ಸಡಿಲವಾಗುತ್ತವೆ. ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲಿ ಬಸ್ಸು ಹತ್ತುವ ಮುಂಚೆ ಬಾಯಿತುಂಬ ತಣ್ಣೀರು ಹಿಡಿದುಕೊಂಡರೆ ಸಿಗುತ್ತಿದ್ದ ಆರಾಮಕ್ಕೆ ಇದೇ ಕಾರಣವೆಂದು ತಿಳಿದಾಗ, ಮರುದಿನ ಹತ್ತನೆಯ ತರಗತಿಯಲ್ಲಿ ಮಿಶ್ರಲೋಹಗಳ ಪಾಠವನ್ನು ನನ್ನ ಬಾಯಿಯಿಂದಲೇ ಶುರು ಮಾಡಿದೆ. ಮೊದಲ ಎರಡು ವಾರ ಸ, ಶ, ಚ ಅಕ್ಷರಗಳು ನನಗೆ ಒಲಿಯಲಿಲ್ಲ. ಮಕ್ಕಳು ಮೊದಲ ದಿನ ಮುಖ ಮುಖ ನೋಡಿಕೊಂಡರು, ಮೂರನೆಯ ದಿನಕ್ಕೆ ಮರೆತರು.

ಶುಚಿತ್ವದ ವಿಷಯದಲ್ಲಿ ಸಡಿಲಿಕೆ ನಡೆಯುವುದಿಲ್ಲ. ಬ್ರ್ಯಾಕೆಟ್ಟಿನ ಸುತ್ತ ಅನ್ನದ ಅಗುಳು, ಪಾಚಿ ಉಳಿದರೆ ಕೆಲವೇ ವಾರಗಳಲ್ಲಿ ಎನಾಮಲ್ಲಿನ ಖನಿಜ ಕರಗಿ ಸುಣ್ಣದಂಥ ಬಿಳಿ ಕಲೆ ಬೀಳುತ್ತದೆ. ಕ್ಲಿಪ್ ತೆಗೆದ ಮೇಲೂ ಅದು ಉಳಿಯಬಹುದು. ಉಂಡಾಗಲೆಲ್ಲ ಬ್ರಷ್, ತಂತಿಯ ಕೆಳಗೆ ತೂರುವ ಸಣ್ಣ ಬ್ರಷ್, ಚುಚ್ಚುವ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಮೇಣ, ಇವು ಮೂರೂ ಒಂದು ಡಬ್ಬಿಯಲ್ಲಿ ಸದಾ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇರುತ್ತಿದ್ದವು.

ಈಗ ಮುಖ್ಯವಾದ ಮಾತಿಗೆ, ಶನಿವಾರಗಳಿಗೆ ಬರುತ್ತೇನೆ. ಶನಿವಾರ ಮುಂಜಾನೆಯ ಶಾಲೆ. ಮುಗಿಸಿಕೊಂಡು ಬಸ್ಸೋ ರೈಲೋ ಹಿಡಿದರೆ ಮುನಿರಾಬಾದಿನಲ್ಲಿ ಹೊಳೆ ದಾಟಿ, ಹೊಸಪೇಟೆ, ತೋರಣಗಲ್ಲು, ಕುಡತಿನಿ ಹಾದು ಬಳ್ಳಾರಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತಿತ್ತು. ಕುರ್ಚಿಯಲ್ಲಿ ಕೂರುವುದು ಇಪ್ಪತ್ತು ನಿಮಿಷ. ಕಾಯುವುದು ಕೆಲವೊಮ್ಮೆ ಎರಡು ಗಂಟೆ. ಮನೆಗೆ ಬರುವಾಗ ರಾತ್ರಿ. ಹೀಗೆ 29 ಸಲ. ಇಪ್ಪತ್ತು ನಿಮಿಷಕ್ಕಾಗಿ ಒಂದು ಇಡೀ ದಿನ ಕೊಡುವುದು ವ್ಯರ್ಥ ಎಂದು ಎಂಟನೆಯದೋ ಒಂಬತ್ತನೆಯದೋ ಭೇಟಿಯ ಹೊತ್ತಿಗೆ ನನಗೆ ಅನಿಸತೊಡಗಿತು. ಕನ್ನಡಿಯಲ್ಲಿ ದೊಡ್ಡ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಬಿಡುವವರು ಬಿಡುವುದು ಈ ಹಂತದಲ್ಲೇ. ಮುಂಬಲ್ಲು ತಕ್ಕಮಟ್ಟಿಗೆ ನೆಟ್ಟಗಾದ ಮೇಲೆ ಇನ್ನೇನು ಬೇಕು ಎನಿಸುತ್ತದೆ, ಆದರೆ ಮೇಲಿನ ಮತ್ತು ಕೆಳಗಿನ ಸಾಲು ಒಂದಕ್ಕೊಂದು ಕೂರಿಸುವ ನಿಧಾನದ ಕೆಲಸ ಶುರುವಾಗುವುದೇ ಆಗ. ಆ ಹಂತದಲ್ಲಿ ಮೇಲಿನ ಕೋರೆಹಲ್ಲಿನಿಂದ ಕೆಳಗಿನ ದವಡೆ ಹಲ್ಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಳ್ಳಬೇಕು. ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಹಗಲು-ರಾತ್ರಿ ಅದು ಬಾಯಲ್ಲಿ ಇರಬೇಕು. ಅದನ್ನು ಹಾಕುವವರು ವೈದ್ಯರಲ್ಲ, ನಾವೇ. ತಿಂಗಳಲ್ಲಿ ಹತ್ತು ದಿನ ತಪ್ಪಿಸಿದರೆ ಮುಂದಿನ ಭೇಟಿಯಲ್ಲಿ ವೈದ್ಯೆಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಬಿಟ್ಟವರ ಬಾಯಿಯ ಸ್ಥಿತಿಯನ್ನು ನಾನು ನೋಡಿದ್ದೇನೆ. ಯಲಬುರ್ಗಾ ಕಡೆಯ ಒಬ್ಬ ಯುವಕ ಒಂದೂವರೆ ವರ್ಷ ಬಾರದೆ, ತಂತಿ ಬಾಯಲ್ಲೇ ಇಟ್ಟುಕೊಂಡು ಮರಳಿ ಬಂದಿದ್ದ. ಕೂಲಿಯ ದಿನ ಬಿಟ್ಟು ಬರಲಾಗಲಿಲ್ಲ ಎಂದ. ಬ್ರ್ಯಾಕೆಟ್ಟುಗಳ ಸುತ್ತ ಹುಳುಕು ಹಿಡಿದಿತ್ತು, ಒಸಡು ಊದಿ ತಂತಿಯನ್ನು ಮುಚ್ಚಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬರಲಾಗದಿದ್ದರೆ ಕಡೇಪಕ್ಷ ಒಮ್ಮೆ ಬಂದು ತಂತಿ ತೆಗೆಸಿಕೊಂಡು ಹೋಗು ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಅಷ್ಟು ಹಾನಿಯಾಗುತ್ತಿರಲಿಲ್ಲ.

ನನ್ನನ್ನು ಉಳಿಸಿದ್ದು ಜೊತೆ. ಹತ್ತನೆಯ ಭೇಟಿಯ ಸುಮಾರಿಗೆ ಕಾಯುವ ಬೆಂಚಿನ ಮೇಲೆ ಗಿಣಿಗೇರಾದ ಒಬ್ಬ ನರ್ಸ್ ಮತ್ತು ಮುನಿರಾಬಾದಿನ ಒಬ್ಬ ಗುಮಾಸ್ತರು ಪರಿಚಯವಾದರು. ಇಬ್ಬರೂ ನನ್ನ ವಯಸ್ಸಿನ ಆಚೀಚಿನವರು. ಮೂವರೂ ಒಂದೇ ಶನಿವಾರ ಕೊಡಿ ಎಂದು ಕೇಳಿಕೊಂಡೆವು, ವೈದ್ಯೆ ಒಪ್ಪಿದರು. ಅಂದಿನಿಂದ ಒಬ್ಬರು ಬೇಸತ್ತರೆ ಇನ್ನಿಬ್ಬರು ಎಬ್ಬಿಸಿಕೊಂಡು ಹೋಗುವುದಾಯಿತು. ಮನೆಯಲ್ಲಿ ಹೇಳಿದರೆ ಚಿಲ್ಲರೆಯೆನಿಸುವ ದೂರುಗಳನ್ನು, ಕೆನ್ನೆಯ ಹುಣ್ಣು, ರಬ್ಬರ್ ತುಂಡಾದದ್ದು, ಯಾರದೋ ಮದುವೆಯಲ್ಲಿ ಯಾರೋ ಆಡಿದ ಮಾತು, ನಾವು ಮೂವರು ರೈಲಿನಲ್ಲಿ ಪೂರ್ತಿಯಾಗಿ ಹೇಳಿಕೊಂಡೆವು, ಪೂರ್ತಿಯಾಗಿ ಕೇಳಿಸಿಕೊಂಡೆವು.

ಮದುವೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಉಬ್ಬುಹಲ್ಲಿನ ಹುಡುಗಿಗೆ ಗಂಡು ಗೊತ್ತಾದ ಕೂಡಲೇ ಅವಸರದಲ್ಲಿ ಮುಂದಿನ ಒಳ್ಳೆಯ ಹಲ್ಲುಗಳನ್ನು ಕೀಳಿಸಿ ಹಲ್ಲು ಕಟ್ಟಿಸುವುದು ಇಂದಿಗೂ ನಡೆಯುತ್ತಿದೆ. ಹದಿನೈದು ದಿನದಲ್ಲಿ ಮುಗಿಯುತ್ತದೆ ಎನ್ನುವುದೇ ಅದರ ಆಕರ್ಷಣೆ. ಇಪ್ಪತ್ತೆರಡು ವರ್ಷದ ಹುಡುಗಿಯ ಗಟ್ಟಿ ಹಲ್ಲು ಹೋದರೆ ಹೋಯಿತು, ಕಟ್ಟಿಸಿದ್ದನ್ನು ಬದುಕಿನಲ್ಲಿ ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಕ್ಲಿಪ್ ಹಾಕಿಕೊಂಡೇ ಅಕ್ಷತೆ ಹಾಕಿಸಿಕೊಂಡರೆ ಏನು ನಷ್ಟ? ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳ ತಾಯಂದಿರಿಗೆ ಇದನ್ನು ನಾವು ಶಿಕ್ಷಕರೇ ಹೇಳಬೇಕು, ಹನ್ನೆರಡು-ಹದಿಮೂರರ ವಯಸ್ಸಿನಲ್ಲೇ ತೋರಿಸಿ ಎನ್ನಬೇಕು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ರಾಯಚೂರಿನಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಸಾಮಾನ್ಯವಾಗಿ ಕಾಲೇಜುಗಳಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು; ಮೊದಲು ಅಲ್ಲಿ ಹೋಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕ್ಲಿಪ್ ತೆಗೆದ ದಿನ ನಾಲಿಗೆ ಹಲ್ಲಿನ ಮೇಲೆ ಜಾರಿದಾಗ ಆದ ಬೆರಗನ್ನು ಹೇಳಲು ನನ್ನಲ್ಲಿ ಪದಗಳಿಲ್ಲ. ಅಂಗುಳದ ಹುಣ್ಣು ಅದಕ್ಕೂ ಒಂದು ವರ್ಷ ಮೊದಲೇ ಶಾಶ್ವತವಾಗಿ ಮಾಯವಾಗಿತ್ತು. ಆದರೆ ಅಂದೇ ವೈದ್ಯೆ ಕೆಳಗಿನ ಮುಂಬಲ್ಲುಗಳ ಹಿಂದೆ ಒಂದು ಸಣ್ಣ ತಂತಿ ಅಂಟಿಸಿ, ಮೇಲಿನ ಸಾಲಿಗೆ ರಿಟೇನರ್, ಎಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಬೇಕಾದಾಗ ತೆಗೆದು ಮತ್ತೆ ತೊಡಬಹುದಾದ ಸಾಧನ ಕೊಟ್ಟರು. ಒಸಡಿನ ನಾರುಗಳು ಹಲ್ಲಿನ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯ ತನಕ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ. ಅದಾದ ಮೇಲೂ ವಯಸ್ಸಾದಂತೆ ಕೆಳಗಿನ ಮುಂಬಲ್ಲುಗಳು ಒತ್ತೊತ್ತಾಗುವುದು ಎಲ್ಲರ ಬಾಯಿಯಲ್ಲೂ ಇರುವುದೇ. ಆದ್ದರಿಂದ ರಾತ್ರಿ ರಿಟೇನರ್ ಹಾಕಿಕೊಂಡು ಮಲಗುವುದು ನನ್ನ ಪಾಲಿಗೆ ಇನ್ನು ಮುಂದೆ ಯಾವಾಗಲೂ ಇರುವ ಕೆಲಸ. ಬಿಸಿನೀರಿನಲ್ಲಿ ತೊಳೆದರೆ ಅದು ಸೊಟ್ಟಗಾಗುತ್ತದೆ, ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿ ಇಟ್ಟರೆ ಎಲೆಯೊಡನೆ ತಿಪ್ಪೆಗೆ ಹೋಗುತ್ತದೆ. ಎರಡೂ ನಮ್ಮ ಮೂವರಲ್ಲಿ ಒಬ್ಬೊಬ್ಬರಿಗೆ ಆಗಿವೆ.

ಈಗ ಆರು ತಿಂಗಳಿಗೊಮ್ಮೆ ತಪಾಸಣೆ. ನನ್ನ ಮುಂದಿನ ಸರದಿ ಬರುವ ತಿಂಗಳ ಮೂರನೆಯ ಶನಿವಾರ ಇದೆ. ನರ್ಸ್ ಗೆಳತಿ ಗಿಣಿಗೇರಾದಲ್ಲಿ ಹತ್ತುತ್ತಾರೆ. ಬರೀ ವಿಚಾರಿಸಿಕೊಂಡು ಬರಬೇಕೆನ್ನುವವರು ಯಾರಾದರೂ ಇಲ್ಲಿದ್ದರೆ, ಶಾಲೆ ಬಿಟ್ಟ ಕೂಡಲೇ ಸ್ಟೇಷನ್ನಿಗೆ ಬನ್ನಿ. ಬೆಂಚಿನ ಮೇಲೆ ಜಾಗ ಹಿಡಿದಿರುತ್ತೇನೆ.